ಕ್ಯಾಮೆರಾ ಹೊರಗ ಹಾಕಿದಾಗ ನಾನೂ ನಕ್ಕಿದ್ದೆ...

ಇಲ್ಲಿ ಏನಾದರೂ ಬರೆದು ಬಹಳ ದಿನಗಳಾದವು. ಕೆಲಸ, ಓಡಾಟ, ಅದಕ್ಕಿಂತ ಹೆಚ್ಚಾಗಿ ಸೋಮಾರಿತನ :-) ಆದರೆ ಮೊನ್ನೆ ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಲೇ ಇದೆ. ಬರೆದು ಹಾಕಿದರೆ ಹಗುರಾಗಬಹುದೇನೋ ಅಂತ ಕೂತಿದ್ದೇನೆ.

ನಮ್ಮೂರು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಕಾಕಾ ಅಲ್ಲಿ ನಲವತ್ತು ವರ್ಷ ಪೇಪರ್ ತರಿಸಿದವರು. ಮುಂಜಾನೆ ಮೊದಲ ಬಸ್ಸಿಗೆ ಪೇಪರ್ ಕಟ್ಟು ಬರುತ್ತಿತ್ತು. ಕಾಕಾ ಅದನ್ನು ಇಸಿದುಕೊಂಡು ಹನುಮಪ್ಪನ ಗುಡಿ ಕಟ್ಟೆ ಮೇಲೆ ಕೂತರೆ ಸುತ್ತ ಹತ್ತು ಜನ ಸೇರುತ್ತಿದ್ದರು. ಓದಲು ಬಾರದವರಿಗೆ ಓದಿ ಹೇಳುವುದು ಅವರ ದಿನದ ಕೆಲಸ. ಹತ್ತಿ ದರ ಎಷ್ಟಾಯಿತು, ನವಿಲುತೀರ್ಥ ಡ್ಯಾಮಿನಲ್ಲಿ ನೀರು ಎಷ್ಟಿದೆ, ದಿಲ್ಲಿಯಲ್ಲಿ ಯಾರ ಸರ್ಕಾರ ಬಿತ್ತು... ಎಲ್ಲಾ ಆ ಕಟ್ಟೆ ಮೇಲೆ. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು ಶಾಲೆಯ ಪುಸ್ತಕಕ್ಕಿಂತ ಹೆಚ್ಚಾಗಿ ಕಾಕಾನ ಪೇಪರಿನಲ್ಲಿ.

ಈ ಸಲ ಹೋದಾಗ ಕಟ್ಟೆ ಮೇಲೆ ಕಾಕಾ ಇದ್ದರು, ಪೇಪರ್ ಇರಲಿಲ್ಲ.

"ಬಂದ್ ಮಾಡೇನಿ" ಅಂದರು.

"ಯಾಕ ಕಾಕಾ? ರೇಟ್ ಜಾಸ್ತಿ ಆತೇನು?"

"ರೇಟಿಂದಲ್ಲೋ ತಮ್ಮಾ. ಓದಿದ ಮ್ಯಾಲ ಇದರಾಗ ಖರೇ ಎಷ್ಟು, ಸುಳ್ಳ ಎಷ್ಟು ಅಂತ ನಾನ ಹುಡುಕಬೇಕು ಅಂದ್ರ, ರೊಕ್ಕಾ ಯಾಕ ಕೊಡಬೇಕು? ಟಿವಿನೂ ಹಂಗ. ಎಲ್ಲಾರೂ ಒಬ್ಬೊಬ್ಬರ ಮಂದಿ ಆಗ್ಯಾರ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಕಾ ಜೇಬಿನಿಂದ ಮೊಬೈಲ್ ತೆಗೆದು ವಾಟ್ಸಾಪ್ ನೋಡತೊಡಗಿದರು. ನಲವತ್ತು ವರ್ಷ ಊರಿಗೆ ಸುದ್ದಿ ಓದಿ ಹೇಳಿದ ಮನುಷ್ಯ ಈಗ ಯಾರೋ ಕಳಿಸಿದ್ದನ್ನು ಒಬ್ಬರೇ ನೋಡುತ್ತಾ ಕೂತಿದ್ದಾರೆ. ಪೇಪರಿನ ಮೇಲೆ ನಂಬಿಕೆ ಹೋಯಿತು ಸರಿ, ಆ ನಂಬಿಕೆ ಎಲ್ಲಿಗೆ ಹೋಗಿ ಕೂತಿತು? ಅಲ್ಲಿಂದ ನನ್ನ ತಲೆನೋವು ಶುರುವಾಯಿತು ನೋಡಿ.

ಕಾಕಾ ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆಯ ಮಂದಿಗೆ ಮಾಧ್ಯಮದ ಮೇಲೆ ಸಿಟ್ಟು ಬರಲು ಕಾರಣಗಳಿವೆ. ಮೊದಲನೆಯದು, 2019ರ ಆಗಸ್ಟ್ ಪ್ರವಾಹ. ಮಲಪ್ರಭಾ ಉಕ್ಕಿ ಸವದತ್ತಿ ತಾಲ್ಲೂಕಿನ ಮುನವಳ್ಳಿಯೊಳಗೆ ನೀರು ನುಗ್ಗಿತು. ರಾಮದುರ್ಗದ ಕಡೆ ಹೊಳೆದಂಡೆಯ ಊರುಗಳು ಮುಳುಗಿದವು. ಮಂದಿ ದನಕರು ಕಟ್ಟಿಕೊಂಡು ಗಂಜಿ ಕೇಂದ್ರಕ್ಕೆ ಹೋದರು. ಆಗ ರಾಜ್ಯದಲ್ಲಿ ಯಡಿಯೂರಪ್ಪನವರೊಬ್ಬರೇ ಇಡೀ ಮಂತ್ರಿಮಂಡಲ, ಉಳಿದ ಮಂತ್ರಿಗಳು ಪ್ರಮಾಣವಚನ ತೆಗೆದುಕೊಂಡದ್ದು ಆಗಸ್ಟ್ 20ಕ್ಕೆ. ದಿಲ್ಲಿಯ ಚಾನೆಲ್ಲುಗಳಿಗೆ ಆ ವಾರ ಕಾಶ್ಮೀರ ಬಿಟ್ಟು ಬೇರೆ ಏನೂ ಇರಲಿಲ್ಲ, 370ನೇ ವಿಧಿ ರದ್ದಾದದ್ದು ಆಗಸ್ಟ್ 5ರಂದು. ಅದೂ ದೊಡ್ಡ ಸುದ್ದಿಯೇ, ಒಪ್ಪೋಣ. ಆದರೆ ಸೊಂಟದ ಮಟ್ಟ ನೀರಿನಲ್ಲಿ ನಿಂತವನಿಗೆ ಆ ಸಮಾಧಾನ ಹೇಳಲು ಬರುತ್ತದೆಯೇ? ಕಿತ್ತೂರು ಉತ್ಸವ ಬಂದರೆ ಜಾಹೀರಾತು ತುಂಬಿದ ಪುರವಣಿ ಬರುತ್ತದೆ, ಚುನಾವಣೆ ಬಂದರೆ ಮೈಕ್ ಹಿಡಿದವರು ಬರುತ್ತಾರೆ, ಮನೆ ಬಿದ್ದಾಗ ಯಾರೂ ಬರುವುದಿಲ್ಲ ಅನ್ನೋ ಮಾತು ಆಗಲೇ ನಮ್ಮ ಕಡೆ ಗಟ್ಟಿಯಾದದ್ದು.

ಎರಡನೆಯದು 2020ರ ಏಪ್ರಿಲ್. ಕೊರೊನಾ ಹೊಸದಾಗಿ ಬಂದಿತ್ತು, ಲಾಕ್‌ಡೌನ್, ಎಲ್ಲರೂ ಟಿವಿ ಮುಂದೆ. ತಬ್ಲೀಗಿ ಜಮಾತ್ ಸುದ್ದಿಯನ್ನು ಕೆಲವು ಚಾನೆಲ್ಲುಗಳು ಹೇಗೆ ತೋರಿಸಿದವು ಅಂತ ನಿಮಗೆಲ್ಲ ನೆನಪಿದೆ. ಬೆಳಗಾವಿಯಲ್ಲಿ ಕ್ವಾರಂಟೈನ್ ಆದವರು ಕುಣಿಯುತ್ತಿದ್ದಾರೆ, ಉಗುಳುತ್ತಿದ್ದಾರೆ ಅಂತ ಒಬ್ಬ ಸಂಸದರೇ ಟ್ವೀಟ್ ಮಾಡಿದರು. ಜಿಲ್ಲಾಡಳಿತ ಅದನ್ನು ಅಲ್ಲಗಳೆಯಿತು. ಆದರೆ ಅಲ್ಲಗಳೆದದ್ದನ್ನು ಯಾರು ಫಾರ್ವರ್ಡ್ ಮಾಡುತ್ತಾರೆ? ನಮ್ಮ ಹಳ್ಳಿಗಳಿಗೆ ಬಂದು ಮುಟ್ಟಿದ್ದು ಉಗುಳಿನ ಸುದ್ದಿ ಮಾತ್ರ. ಕೊನೆಗೆ 2021ರ ಜೂನ್‌ನಲ್ಲಿ ಚಾನೆಲ್ಲುಗಳದೇ ಸ್ವಯಂ ನಿಯಂತ್ರಣ ಸಂಸ್ಥೆಯಾದ ನ್ಯೂಸ್ ಬ್ರಾಡ್‌ಕಾಸ್ಟಿಂಗ್ ಸ್ಟ್ಯಾಂಡರ್ಡ್ಸ್ ಅಥಾರಿಟಿ, ತಬ್ಲೀಗಿ ಕುರಿತ ಕಾರ್ಯಕ್ರಮಗಳಿಗಾಗಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ತಪ್ಪು ನಡೆದದ್ದು ಏಪ್ರಿಲ್ 2020, ದಂಡ ಬಿದ್ದದ್ದು ಜೂನ್ 2021. ನಡುವೆ ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಎಷ್ಟು ಊರುಗಳಲ್ಲಿ ಎಷ್ಟು ಜನ ತರಕಾರಿ ಮಾರುವ ಸಾಬರ ಗಾಡಿ ಕಂಡು ಬಾಗಿಲು ಹಾಕಿಕೊಂಡರೋ, ಅದಕ್ಕೆ ಯಾರ ಹತ್ತಿರ ಲೆಕ್ಕ ಇದೆ? ದಂಡ ಬಿದ್ದ ವಿಷಯ ಹೇಳಿದಾಗ ಕಾಕಾ "ಹೌದಾ? ಯಾವಾಗ?" ಅಂದರು.

ಹೀಗಾಗಿ ಮಂದಿ "ಎಲ್ಲಾರೂ ಕಳ್ಳರ" ಅಂದರೆ ನನಗೆ ಆಶ್ಚರ್ಯ ಆಗುವುದಿಲ್ಲ. ನಾನೂ ಹಾಗೇ ಅನ್ನುತ್ತಿದ್ದೆ. ಎಷ್ಟರ ಮಟ್ಟಿಗೆ ಅಂದರೆ, ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು.

2019ರ ಅಕ್ಟೋಬರ್ 10ರಿಂದ ಮೂರು ದಿನ ಬೆಂಗಳೂರಿನಲ್ಲಿ ವಿಧಾನಮಂಡಲದ ಅಧಿವೇಶನ ನಡೆಯಿತು. ನಡೆಯಬೇಕಾದ ಮುಖ್ಯ ಚರ್ಚೆ ಯಾವುದು? ನಮ್ಮದೇ, ಉತ್ತರ ಕರ್ನಾಟಕದ ನೆರೆ. ಆ ಅಧಿವೇಶನಕ್ಕೆ ಮುಂಚೆ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಖಾಸಗಿ ಚಾನೆಲ್ಲುಗಳ ಕ್ಯಾಮೆರಾ ವಿಧಾನಸಭೆಯೊಳಗೆ ಬರುವಂತಿಲ್ಲ ಅಂದರು. ಬೇಕಾದರೆ ಸರ್ಕಾರಿ ವ್ಯವಸ್ಥೆಯಿಂದ ದೃಶ್ಯ ಪಡೆಯಿರಿ ಅಂತ. ಪತ್ರಕರ್ತರು ಪ್ರತಿಭಟನೆ ಮಾಡಿದರು. ಆಗ ನಾನು ಕಾಕಾನಿಗೆ ಫೋನ್ ಮಾಡಿದ್ದೆ. "ಛಲೋ ಆತು ಬಿಡ್ರಿ, ಇವರ ಒದರಾಟ ತಪ್ಪಿತು" ಅಂದೆ. ಇಬ್ಬರೂ ನಕ್ಕೆವು.

ಈಗ ಅನ್ನಿಸುತ್ತದೆ, ಎಂಥಾ ದಡ್ಡತನ! ಸ್ವಲ್ಪ ದಿನಾಂಕ ಜೋಡಿಸಿ ನೋಡಿ. ಆಗಸ್ಟ್‌ನಲ್ಲಿ ನೆರೆ ಬಂತು. ಸೆಪ್ಟೆಂಬರ್ ಪೂರ್ತಿ ಕೇಂದ್ರದಿಂದ ಪರಿಹಾರ ಬರಲಿಲ್ಲ. ರಾಜ್ಯದಿಂದ ಆರಿಸಿ ಹೋದ 25 ಬಿಜೆಪಿ ಸಂಸದರು ಏನು ಮಾಡುತ್ತಿದ್ದಾರೆ ಅಂತ ಕನ್ನಡದ ಪೇಪರುಗಳು, ಚಾನೆಲ್ಲುಗಳು ಕೇಳತೊಡಗಿದವು. ತಡವಾಗಿಯಾದರೂ ಜೋರಾಗಿಯೇ ಕೇಳಿದವು. ಅಕ್ಟೋಬರ್ 4ಕ್ಕೆ ಕೇಂದ್ರ 1,200 ಕೋಟಿ ರೂಪಾಯಿ ಬಿಡುಗಡೆಗೆ ಒಪ್ಪಿತು. ಅದು ಸಾಲದು ಅನ್ನುವ ಚರ್ಚೆ ಸದನದಲ್ಲಿ ನಡೆಯುವ ಹೊತ್ತಿಗೇ ಕ್ಯಾಮೆರಾ ಹೊರಗೆ ಹೋಯಿತು. ಅಂದರೆ ಮಾಧ್ಯಮ ನಮ್ಮ ಪರವಾಗಿ ಒಂದು ಕೆಲಸ ಮಾಡುತ್ತಿದ್ದ ಹೊತ್ತಿನಲ್ಲೇ ಅದರ ಕಣ್ಣಿಗೆ ಬಟ್ಟೆ ಕಟ್ಟಲಾಯಿತು. ಮುನವಳ್ಳಿಯ, ರಾಮದುರ್ಗದ ಮನೆ ಬಿದ್ದವರ ವಿಷಯದಲ್ಲಿ ಯಾವ ಶಾಸಕ ಎದ್ದು ನಿಂತ, ಯಾವನು ಕುರ್ಚಿಯಲ್ಲಿ ನಿದ್ದೆ ಹೊಡೆದ ಅಂತ ನೋಡುವ ಹಕ್ಕು ಚಾನೆಲ್ ಮಾಲೀಕರದ್ದಾಗಿರಲಿಲ್ಲ, ನಮ್ಮದಾಗಿತ್ತು. ನಮ್ಮ ಹಕ್ಕನ್ನು ನಮ್ಮ ಕಣ್ಣೆದುರೇ ಕಸಿದುಕೊಂಡರು, ನಾವು ನಕ್ಕೆವು!

ನಮ್ಮ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯ ಅನ್ನುವ ಬೇರೆ ವಿಧಿಯೇ ಇಲ್ಲ. 19(1)(ಎ) ಎಲ್ಲ ನಾಗರಿಕರಿಗೂ ಕೊಟ್ಟ ವಾಕ್ ಸ್ವಾತಂತ್ರ್ಯದಲ್ಲೇ ಅದೂ ಬಂತು. ಪತ್ರಿಕೆಗೆ ಅಂತ ವಿಶೇಷ ಹಕ್ಕು ಬೇಕಿಲ್ಲ, ಸಂಪಾದಕನೂ ಒಬ್ಬ ನಾಗರಿಕ ಅನ್ನುವುದು ಅಂಬೇಡ್ಕರರ ನಿಲುವಾಗಿತ್ತು. ಇದನ್ನು ತಿರುಗಿಸಿ ನೋಡಿದರೆ ನನಗೆ ಹೆಚ್ಚು ಅರ್ಥ ಆಗುತ್ತದೆ. ಪೇಪರಿನವನ ಬಾಯಿ ಮುಚ್ಚಿಸಲು ಬಳಸಿದ ಬಟ್ಟೆ ನನ್ನ ಬಾಯಿಗೂ ಸರಿಯಾಗಿ ಕೂರುತ್ತದೆ. ಅಳತೆ ಒಂದೇ.

2017ರ ಜೂನ್‌ನಲ್ಲಿ ಹೀಗೇ ಆಗಿತ್ತು. 'ಹಾಯ್ ಬೆಂಗಳೂರ್' ಸಂಪಾದಕ ರವಿ ಬೆಳಗೆರೆ ಮತ್ತು 'ಯಲಹಂಕ ವಾಯ್ಸ್' ಸಂಪಾದಕ ಅನಿಲ್ ರಾಜ್ ಅವರಿಗೆ ಹಕ್ಕುಚ್ಯುತಿ ಅಂತ ವಿಧಾನಸಭೆ ಒಂದು ವರ್ಷ ಜೈಲು, 10 ಸಾವಿರ ದಂಡ ವಿಧಿಸಿತು. ದೂರು ಕೊಟ್ಟವರು ಶಾಸಕರು, ವಿಚಾರಣೆ ಮಾಡಿದ್ದು ಶಾಸಕರ ಸಮಿತಿ, ಶಿಕ್ಷೆ ಕೊಟ್ಟದ್ದು ಶಾಸಕರ ಸದನ. ಆಗಿನ ಸರ್ಕಾರ ಕಾಂಗ್ರೆಸ್ಸಿನದು. 2019ರ ಕ್ಯಾಮೆರಾ ಹೊತ್ತಿಗೆ ಸರ್ಕಾರ ಬಿಜೆಪಿಯದು. ಈ ವಿಷಯದಲ್ಲಿ ಪಕ್ಷಭೇದ ಇಲ್ಲ ಸ್ವಾಮಿ! ಆ ಪತ್ರಿಕೆಗಳು ಬರೆದದ್ದು ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ತಪ್ಪಾಗಿದ್ದರೆ ಮಾನಹಾನಿಗೆ ಕೋರ್ಟ್ ಇದೆ. ಆದರೆ "ಅವರಿಗೆ ಹಂಗ ಆಗಬೇಕು" ಅಂತ ಎಷ್ಟು ಜನ ಅಂದರು ನೆನಪಿದೆಯಾ? ನಂಬಿಕೆ ಕಳೆದುಕೊಂಡ ಪತ್ರಿಕೆಗೆ ಪೆಟ್ಟು ಬಿದ್ದಾಗ ಅಡ್ಡ ಬರುವವರು ಇರುವುದಿಲ್ಲ. ಅಧಿಕಾರದಲ್ಲಿ ಇರುವವರಿಗೆ ಬೇಕಾದದ್ದೂ ಅಷ್ಟೇ.

ಈಗ ಹೂಲಿಕಟ್ಟಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಈ ಪೋಸ್ಟ್ ಬರೆಯಲು ಕಾರಣವೇ ಅದು.

ಹೂಲಿಕಟ್ಟಿ ಸವದತ್ತಿ ತಾಲ್ಲೂಕಿನ ಊರು. 2025ರ ಜುಲೈ 14ರಂದು ಅಲ್ಲಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಟ್ಯಾಂಕಿನ ನೀರು ಕುಡಿದು ಮಕ್ಕಳು ಅಸ್ವಸ್ಥರಾದರು. ನೀರಿನಲ್ಲಿ ಕ್ರಿಮಿನಾಶಕ ಬೆರೆಸಿದ್ದರು. ದೇವರ ದಯೆ, ಯಾವ ಮಗುವಿನ ಜೀವಕ್ಕೂ ಅಪಾಯ ಆಗಲಿಲ್ಲ. ಆಗಸ್ಟ್ ಮೊದಲಲ್ಲಿ ಪೊಲೀಸರು ಶ್ರೀರಾಮ ಸೇನೆಯ ಸವದತ್ತಿ ತಾಲ್ಲೂಕು ಅಧ್ಯಕ್ಷ ಸೇರಿ ಮೂವರನ್ನು ಬಂಧಿಸಿದರು. ಶಾಲೆಯ ಹೆಡ್ ಮಾಸ್ತರು ಮುಸ್ಲಿಂ, ಹದಿಮೂರು ವರ್ಷದಿಂದ ಅಲ್ಲೇ ಇದ್ದವರು. ಅವರ ಮೇಲೆ ಅನುಮಾನ ಬರುವಂತೆ ಮಾಡಿ ವರ್ಗ ಮಾಡಿಸಬೇಕು ಅಂತ ಈ ಕೆಲಸ ಮಾಡಿದರು, ಅದೂ ಒಬ್ಬ ಹುಡುಗನಿಗೆ ಚಾಕೊಲೇಟ್, ಚಿಪ್ಸ್, 500 ರೂಪಾಯಿಯ ಆಸೆ ತೋರಿಸಿ ಮಾಡಿಸಿದರು ಅನ್ನುವುದು ಪೊಲೀಸರ ಆರೋಪ. ಆರೋಪ ಸಾಬೀತಾಗಬೇಕಾದದ್ದು ಕೋರ್ಟಿನಲ್ಲಿ, ನನ್ನ ಬ್ಲಾಗಿನಲ್ಲಿ ಅಲ್ಲ. ಅಷ್ಟು ಎಚ್ಚರ ನನಗೂ ಇದೆ.

ನನಗೆ ಮುಖ್ಯ ಅನಿಸುವುದು ನಡುವಿನ ಆ ದಿನಗಳು. ಜುಲೈ 14ರಿಂದ ಆಗಸ್ಟ್ ತನಕ ಹತ್ತೊಂಬತ್ತು-ಇಪ್ಪತ್ತು ದಿನ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. ಒಬ್ಬರು ಅಡುಗೆಯವರ ಮೇಲೆ, ಇನ್ನೊಬ್ಬರು "ಆ ಮಾಸ್ತರ ಯಾರು ಅಂತ ನೋಡ್ರಿ ಮೊದಲ" ಅಂತ. ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಹಿರಿಯರು ಇದ್ದಾರೆ, ಯಾಕೆ ಜಗಳ ಅಂತ ಸುಮ್ಮನೆ ಇದ್ದೆ. ಅನುಮಾನ ಯಾರ ಮೇಲೆ ಬರಬೇಕು ಅಂತ ವಿಷ ಹಾಕಿದವರು ಲೆಕ್ಕ ಹಾಕಿದ್ದರೋ, ಆ ಲೆಕ್ಕ ನಮ್ಮ ಮನೆಯಲ್ಲಿ ಸರಿಯಾಗಿಯೇ ಕೂಡಿತ್ತು. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ.

ಆ ಲೆಕ್ಕ ತಪ್ಪಿಸಿದ್ದು ಯಾರು? ತನಿಖೆ ಮಾಡಿದ ಪೊಲೀಸರು. ಆಮೇಲೆ, ಪೊಲೀಸರು ಹೇಳಿದ್ದನ್ನು ಹೆಸರು, ದಿನಾಂಕ, ಸ್ಥಳದ ಸಮೇತ ಬರೆದ ವರದಿಗಾರರು. ಸ್ಟುಡಿಯೋದಲ್ಲಿ ಕೂತು ಕೂಗುವವರಲ್ಲ. ಆ ದಿನಗಳಲ್ಲಿ ಚಾನೆಲ್ಲುಗಳಿಗೆ ಧರ್ಮಸ್ಥಳದಲ್ಲಿ ಎಸ್‌ಐಟಿ ನೆಲ ಅಗೆಯುವುದನ್ನು ತೋರಿಸುವ ಕೆಲಸ ಇತ್ತು, ಆಗಸ್ಟ್ 2ರಂದು ಪ್ರಜ್ವಲ್ ರೇವಣ್ಣನಿಗೆ ಜೀವಾವಧಿ ಶಿಕ್ಷೆಯೂ ಆಯಿತು. ದೊಡ್ಡ ಸುದ್ದಿಗಳೇ, ಇಲ್ಲ ಅನ್ನುವುದಿಲ್ಲ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಹೂಲಿಕಟ್ಟಿಯಲ್ಲಿ ಆರೋಪಿಗಳ ಹೆಸರುಗಳು ಅದಲುಬದಲಾಗಿದ್ದರೆ? ಸಿಕ್ಕಿಬಿದ್ದವರು ಸಾಬರಾಗಿದ್ದು, ಹೆಡ್ ಮಾಸ್ತರು ಲಿಂಗಾಯತರೋ ಬ್ರಾಹ್ಮಣರೋ ಆಗಿದ್ದರೆ, ಪ್ರೈಮ್ ಟೈಮ್ ಒಂದೆರಡು ದಿನಕ್ಕೆ ಮುಗಿಯುತ್ತಿತ್ತೇ? 2020ರ ಏಪ್ರಿಲ್ ನೋಡಿದ ಮೇಲೆ ನನಗಂತೂ ಹಾಗೆ ಅನಿಸುವುದಿಲ್ಲ. ಪಕ್ಷಪಾತ ಅಂದರೆ ಸುಳ್ಳು ಬರೆಯುವುದು ಒಂದೇ ಅಲ್ಲ. ಯಾವ ಸತ್ಯವನ್ನು ಹತ್ತು ಸಲ ತೋರಿಸುತ್ತೀರಿ, ಯಾವುದನ್ನು ಒಂದು ಸಲ ಹೇಳಿ ಬಿಡುತ್ತೀರಿ ಅನ್ನುವುದೂ ಪಕ್ಷಪಾತವೇ.

ಹಾಗಂತ ತಪ್ಪೆಲ್ಲ ಅವರದೇ ಅಂತ ಬರೆದರೆ ನಾನೂ ಪಕ್ಷಪಾತ ಮಾಡಿದ ಹಾಗೆ. 2025ರ ಫೆಬ್ರವರಿಯಲ್ಲಿ ಬೆಳಗಾವಿ ಹತ್ತಿರ ನಮ್ಮ ಸಾರಿಗೆ ಬಸ್ಸಿನ ಕಂಡಕ್ಟರ್ ಮೇಲೆ ಭಾಷೆ ವಿಷಯಕ್ಕೆ ಹಲ್ಲೆ ಆಯಿತಲ್ಲ, ಆಗ ಕೆಲವು ದಿನ ಎರಡೂ ರಾಜ್ಯಗಳ ನಡುವೆ ಬಸ್ಸು ನಿಂತವು. ನಾನು ಕನ್ನಡದ ಸುದ್ದಿ ಮಾತ್ರ ನೋಡಿದೆ. ನನ್ನ ಜೊತೆ ಕೆಲಸ ಮಾಡುವ ಮರಾಠಿ ಗೆಳೆಯ ಮರಾಠಿ ಸುದ್ದಿ ಮಾತ್ರ ನೋಡಿದ. ಊಟದ ಹೊತ್ತಿನಲ್ಲಿ ಮಾತಾಡಿದರೆ ಇಬ್ಬರೂ ಎರಡು ಬೇರೆ ಬಸ್ಸಿನ ಕಥೆ ಹೇಳುತ್ತಿದ್ದೇವೇನೋ ಅನ್ನುವ ಹಾಗಿತ್ತು. ನಮ್ಮಿಬ್ಬರಿಗೂ ಬೇಕಾಗಿದ್ದದ್ದು ಸುದ್ದಿಯಲ್ಲ, ಬೆನ್ನು ತಟ್ಟುವವರು. ಬೆನ್ನು ತಟ್ಟುವುದನ್ನೇ ಮಂದಿ ಕೇಳಿದರೆ ಅಂಗಡಿಯವನು ಅದನ್ನೇ ಮಾರುತ್ತಾನೆ.

ಓದುಗರಿಗೆ ಬೇಡವಾದ ಮಾತನ್ನು ಹೇಳುವ ಪತ್ರಿಕೆ ಹೇಗಿರುತ್ತದೆ? ಅದಕ್ಕೆ ರಾಮದುರ್ಗದ್ದೇ ಉದಾಹರಣೆ ಇದೆ. 1939ರ ಏಪ್ರಿಲ್‌ನಲ್ಲಿ ರಾಮದುರ್ಗ ಸಂಸ್ಥಾನದಲ್ಲಿ ಪ್ರಜಾಸಂಘದ ಚಳವಳಿ ಹಿಂಸೆಗೆ ತಿರುಗಿತು, ಪೊಲೀಸರು ಜೀವ ಕಳೆದುಕೊಂಡರು. ಚಳವಳಿ ಮಾಡಿದವರು ಕಾಂಗ್ರೆಸ್ ಕಡೆಯವರು, ಸಂಸ್ಥಾನದ ದಬ್ಬಾಳಿಕೆಯ ವಿರುದ್ಧ ಎದ್ದವರು. ಅವರ ಪರ ನಿಲ್ಲುವುದು ಸುಲಭವಿತ್ತು. ಆದರೆ ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ ರಾಮದುರ್ಗದ ಜನ ಮಾಡಿದ ಹಿಂಸೆ ತಪ್ಪು ಅಂತ ಬರೆದರು. ತಮ್ಮದೇ ಪತ್ರಿಕೆ, ತಮ್ಮದೇ ಜನ, ಓದುವವರೂ ತಮ್ಮವರೇ. ಎಷ್ಟೋ ಮಂದಿಗೆ ನೋವಾಗಿರಬೇಕು. ನಮ್ಮ ಕಡೆಯವರ ತಪ್ಪನ್ನು ನಮ್ಮ ಪತ್ರಿಕೆ ಬರೆದಾಗ ಮಾತ್ರ ಎದುರಿನವರ ತಪ್ಪಿನ ಬಗ್ಗೆ ಅದು ಬರೆದದ್ದಕ್ಕೆ ಬೆಲೆ ಬರುತ್ತದೆ. ನಂಬಿಕೆ ಬೇರೆ ಎಲ್ಲಿಂದಲೂ ಬರುವುದಿಲ್ಲ.

ಇನ್ನು ನಮ್ಮ ತಾಲ್ಲೂಕಿನ ವರದಿಗಾರರ ಬಗ್ಗೆ ಒಂದು ಮಾತು. ಬೆಂಗಳೂರಿನ ಆ್ಯಂಕರುಗಳಿಗೆ ಬೈಯುವ ಭರದಲ್ಲಿ ನಾವು ಇವರನ್ನೂ ಸೇರಿಸಿ ಬೈಯುತ್ತೇವೆ. ಕೋಟು ಹಾಕಿ ಕೂತವನು ಬೇರೆ, ಗಾಡಿಗೆ ಸ್ವಂತ ರೊಕ್ಕದಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಹಳ್ಳಿ ತಿರುಗುವವನು ಬೇರೆ. ಎಷ್ಟೋ ಜನರಿಗೆ ತಿಂಗಳ ಸಂಬಳ ಇಲ್ಲ, ಸುದ್ದಿಗೆ ಇಷ್ಟು ಅಂತ ಸಿಗುತ್ತದೆ. ಮೇಲಿಂದ ಜಾಹೀರಾತು ತಂದುಕೊಡಬೇಕು. ಯಾವ ಮುಖಂಡನ ಹತ್ತಿರ ಹುಟ್ಟುಹಬ್ಬದ ಜಾಹೀರಾತು ಕೇಳಬೇಕೋ, ಅವನ ಮೇಲೆಯೇ ಮಾರನೇ ದಿನ ಮರಳು ಸಾಗಣೆ ಸುದ್ದಿ ಬರೆಯುವುದು ಹೇಗೆ? ಆದರೂ ಕೆಲವರು ಬರೆಯುತ್ತಾರೆ. ಅಂಥವರಿಗೆ ಏನಾದರೂ ಆದರೆ ನಿಲ್ಲುವವರು ಯಾರು? 2025ರ ವಿಶ್ವ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ 180 ದೇಶಗಳ ಪೈಕಿ ನಮ್ಮದು 151ನೇ ಸ್ಥಾನ. ಆ ಪಟ್ಟಿಯ ಬಗ್ಗೆ ತಕರಾರು ಇರುವವರು ಇರಲಿ. ನಮ್ಮ ತಾಲ್ಲೂಕಿನ ಪ್ರಾಮಾಣಿಕ ವರದಿಗಾರನಿಗೆ ಸುದ್ದಿಗೆ ಎಷ್ಟು ಕೊಡುತ್ತಾರೆ ಅಂತ ಒಂದು ಸಲ ಕೇಳಿ ನೋಡಿ, ಪಟ್ಟಿ ಬೇಕಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನನ್ನ ಹತ್ತಿರ ದೊಡ್ಡ ಪರಿಹಾರ ಇಲ್ಲ. ನಾನು ಮಾಡಬೇಕು ಅಂದುಕೊಂಡಿರುವುದು ಇಷ್ಟು. ತಪ್ಪು ಸುದ್ದಿ ಕಂಡರೆ ಫೇಸ್‌ಬುಕ್ಕಿನಲ್ಲಿ ಬೈಯುವ ಬದಲು ಸಂಪಾದಕರಿಗೇ ಪತ್ರ ಬರೆಯುವುದು, ತಿದ್ದುಪಡಿ ಹಾಕುವ ತನಕ ಬಿಡದೇ ಬರೆಯುವುದು. ಸುದ್ದಿ ಮೊದಲ ಪುಟದಲ್ಲಿ ಬಂದಿದ್ದರೆ ತಿದ್ದುಪಡಿಯೂ ಅಲ್ಲೇ ಬರಲಿ ಅಂತ ಕೇಳುವುದು. ಹೂಲಿಕಟ್ಟಿಯಂಥ ಕೇಸು ಕೋರ್ಟಿನಲ್ಲಿ ಎಲ್ಲಿಗೆ ಬಂತು ಅಂತ ಪೇಪರಿನವರನ್ನೇ ಕೇಳುತ್ತಾ ಇರುವುದು, ಬಂಧನದ ದಿನ ಮಾತ್ರ ಅಲ್ಲ. ಮನೆಯ ಗ್ರೂಪಿನಲ್ಲಿ ಇನ್ನು ಮುಂದೆ ಸುಮ್ಮನೆ ಇರದೇ ಇರುವುದು (ಇದೇ ಎಲ್ಲಕ್ಕಿಂತ ಕಷ್ಟ!). ಕೊನೆಯದಾಗಿ, ನನಗೆ ಸೇರದ ಚಾನೆಲ್ಲಿನ ಕ್ಯಾಮೆರಾವನ್ನು ಯಾರಾದರೂ ಹೊರಗೆ ಹಾಕಿದರೆ ನಗದೇ ಇರುವುದು. ಅವರ ತಪ್ಪಿಗೆ ದಂಡ ಹಾಕಿ, ಬೇಡ ಅನ್ನುವುದಿಲ್ಲ. ಕಣ್ಣು ಮಾತ್ರ ಕಟ್ಟಬೇಡಿ.

ಊರಿಂದ ಹೊರಡುವ ದಿನ ಇದನ್ನೆಲ್ಲ ಕಾಕಾನ ಮುಂದೆ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ, "ನೀ ಹೇಳೂದು ಖರೇ ಇರಬಹುದು. ಆದ್ರ ಸುಳ್ಳ ಹೇಳಿದವರ ಮನಿಗೆ ರೊಕ್ಕಾ ಕಳಸಂಗಿಲ್ಲ ನಾ" ಅಂದರು. ನಾನು ಒತ್ತಾಯ ಮಾಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮೂರು ಬೇರೆ ಬೇರೆ ಪೇಪರ್ ಕೊಂಡು, ಮರಳಿ ಹೋಗುತ್ತಿದ್ದ ನಮ್ಮೂರ ಹುಡುಗನ ಕೈಯಲ್ಲಿ ಕೊಟ್ಟು ಕಳಿಸಿದೆ. ಸಂಜೆಗೆ ಕಾಕಾನ ಫೋನ್ ಬಂತು.

"ಮೂರೂ ಓದಿದೆ. ಒಂದ ಸುದ್ದಿ ಮೂರರಾಗ ಮೂರು ನಮೂನಿ ಐತಿ."

"ಮತ್ತ ಕಟ್ಟಿ ಮ್ಯಾಲ ಏನಂತ ಹೇಳಿದ್ರಿ?"

"ಮೂರೂ ಓದಿ ಹೇಳಿದೆ. ಆಮ್ಯಾಲ ಒಂದ ತಾಸು ಜಗಳಾ ಆತು ನೋಡು..."

ಧ್ವನಿ ಖುಷಿಯಲ್ಲಿತ್ತು. ವಾಟ್ಸಾಪ್ ನೋಡುವಾಗ ಕಾಕಾ ಹಾಗೆ ಖುಷಿಯಾಗಿದ್ದನ್ನು ನಾನು ನೋಡಿಲ್ಲ.

ನೀವೇನಂತೀರಿ? ನಿಮ್ಮ ಮನೆಯಲ್ಲಿ ಪೇಪರ್ ಇನ್ನೂ ಬರುತ್ತದೆಯೇ, ಬಂದ್ ಆಯಿತೇ? ಬಂದ್ ಮಾಡಿದ್ದರೆ ಯಾವ ಸುದ್ದಿ ಓದಿದ ಮೇಲೆ? ಕಮೆಂಟಿನಲ್ಲಿ ಬರೆಯಿರಿ. ಒಪ್ಪದಿದ್ದರೂ ಪರವಾಗಿಲ್ಲ, ಜಗಳವೇ ಆಗಲಿ.